ಕೊಳೆತ ದ್ರಾಕ್ಷಿಯ ಮರ್ಯಾದೆ

ಕೇಂದ್ರ ಸರ್ಕಾರಿ ನೌಕರರ ನಡತೆ ನಿಯಮಗಳು, 1964ರಲ್ಲಿ ಇಪ್ಪತ್ತೆರಡನೆಯ ನಿಯಮವೊಂದಿದೆ. ನೌಕರನಾದವನು ಸಾರ್ವಜನಿಕ ಸ್ಥಳದಲ್ಲಿ ಮಾದಕ ಪಾನೀಯವನ್ನು ಸೇವಿಸಕೂಡದೆಂದು ಅದು ವಿಧಿಸುತ್ತದೆ. ಸಾರ್ವಜನಿಕ ಸ್ಥಳವೆಂದರೆ ಹಣ ಕೊಟ್ಟೋ ಕೊಡದೆಯೋ ಜನರು ಪ್ರವೇಶಿಸಬಹುದಾದ ಎಡೆ ಎಂಬ ವಿವರಣೆಯನ್ನೂ ಜೊತೆಗೆ ಕೊಡುತ್ತದೆ. ಹಂಗೇರಿಯ ಹಳ್ಳಿಯೊಂದರಲ್ಲಿ ಒಂದು ಮನೆಯ ಕೆಳಗಿರುವ ನೆಲಮಾಳಿಗೆ ಈ ವ್ಯಾಖ್ಯೆಯೊಳಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ನಾವು ಬುಡಾಪೆಸ್ಟ್‌ನಿಂದ ಹೊರಟ ರೈಲಿನಲ್ಲಿ ಬಹಳ ಹೊತ್ತು ಚರ್ಚಿಸಿದೆವು. ಮನೆಯ ಯಜಮಾನಿತಿ ಹೆಸರು ಹೇಳಿ ಕರೆದ ಹನ್ನೆರಡು ಮಂದಿಗಷ್ಟೇ ಬಾಗಿಲು ತೆರೆಯುವುದರಿಂದ ಅದು ಮನೆಯೇ ಹೊರತು ಸಾರ್ವಜನಿಕ ಸ್ಥಳವಲ್ಲವೆಂಬ ತೀರ್ಮಾನಕ್ಕೆ ಬಂದಾಗ ರೈಲು ಸೆರೆಂಚ್ ಎಂಬ ಊರನ್ನು ತಲುಪಿತ್ತು. ಈ ಟಿಪ್ಪಣಿಗೆ ಮೇಲಧಿಕಾರಿಗಳ ಸಹಿ ಬಿದ್ದಿಲ್ಲವೆಂಬುದನ್ನೂ ಹೇಳಿಬಿಡಬೇಕು.

ನಾವೆಂದರೆ ಇಬ್ಬರು, ಗಂಡ ಹೆಂಡತಿ. ನಮ್ಮಲ್ಲೊಬ್ಬರು ಸರ್ಕಾರಿ ಕೆಲಸದವರು, ಒಬ್ಬರು ಅಲ್ಲ. ಒಬ್ಬರು ಗುಟುಕರಿಸುವವರು, ಇನ್ನೊಬ್ಬರು ಮೂಸಿ ನೋಡಿ ಲೋಟವನ್ನು ಪಕ್ಕಕ್ಕೆ ಸರಿಸುವವರು. ಯಾರು ಯಾರೆಂದು ಬಿಡಿಸಿ ಹೇಳುವ ಅಗತ್ಯ ನಮಗೆ ಕಾಣುವುದಿಲ್ಲ. ದೆಹಲಿಯ ಸರ್ಕಾರಿ ವಸತಿಗೃಹಗಳಲ್ಲಿ ನಮ್ಮ ನೆರೆಯವರಾಗಿದ್ದ ಬಂಗಾಳಿ ದಂಪತಿಗಳು ಈಗ ಬುಡಾಪೆಸ್ಟ್‌ನಲ್ಲಿದ್ದಾರೆ. ಅವರ ಮನೆಗೆ ಅಕ್ಟೋಬರ್ ಕೊನೆಯಲ್ಲಿ ಹೋಗಿದ್ದಾಗ, ಅವರಿಗೆ ಪರಿಚಿತರಾದ ದ್ರಾಕ್ಷಿ ಬೆಳೆಗಾರರೊಬ್ಬರ ಮನೆಯಲ್ಲಿ ಶನಿವಾರ ವೈನ್ ರುಚಿ ನೋಡುವ ಕೂಟವಿದೆ, ಬನ್ನಿ ಎಂದು ಕರೆದೊಯ್ದರು. ನಾವು ಒಪ್ಪಿದ್ದಕ್ಕೆ ವೈನಿನ ಮೇಲಿನ ಮೋಹ ಕಾರಣವಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಬಳಿಯ ನಮ್ಮ ಮನೆಯಲ್ಲಿ ಮೂವತ್ತು ವರ್ಷಗಳಿಂದ ದ್ರಾಕ್ಷಿ ಬೆಳೆಯುತ್ತಾರೆ. ಬೇರೆ ದೇಶದವರು ಆ ಬಳ್ಳಿಯನ್ನು ಹೇಗೆ ನೋಡಿಕೊಳ್ಳುತ್ತಾರೆಂದು ನೋಡುವ ಆಸೆ ನಮಗಿತ್ತು. ಅಣ್ಣ ಕೊಟ್ಟು ಕಳಿಸಿದ್ದ ಎರಡು ಕಿಲೋ ಮಣೂಕವೂ, ಎಂದರೆ ಒಣದ್ರಾಕ್ಷಿಯೂ, ಚೀಲದಲ್ಲಿತ್ತು. ಬರಿಗೈಯಲ್ಲಿ ಒಬ್ಬರ ಮನೆಗೆ ಹೋಗುವುದು ನಮ್ಮ ಕಡೆಯ ಪದ್ಧತಿಯಲ್ಲ.

ಊರಿನ ಹೆಸರು ಮಾದ್. ಟೋಕಾಯ್ ಎಂಬ ವೈನ್ ಸೀಮೆಯ ಹಳ್ಳಿಗಳಲ್ಲಿ ಅದೂ ಒಂದು. ಈ ಸೀಮೆಯ ಎಲ್ಲೆಯನ್ನು 1737ರಲ್ಲಿಯೇ ರಾಜಾಜ್ಞೆಯಿಂದ ಗುರುತಿಸಿದ್ದರು. 2002ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಂಗೇರಿಯನ್ನರ ರಾಷ್ಟ್ರಗೀತೆ ಫೆರೆಂಚ್ ಕೋಲ್ಚೆಯಿ ಎಂಬ ಕವಿ 1823ರಲ್ಲಿ ಬರೆದ ಪದ್ಯ. ದೇವರು ತಮ್ಮ ನಾಡಿಗೆ ಕೊಟ್ಟ ವರಗಳನ್ನು ನೆನೆಯುವಾಗ ಕವಿ ಟೋಕಾಯ್‌ನ ಬಳ್ಳಿಗಳನ್ನೂ ಮರೆಯುವುದಿಲ್ಲ. ನಮ್ಮ ಸಂವಿಧಾನವಾದರೋ ತನ್ನ 47ನೆಯ ಅನುಚ್ಛೇದದಲ್ಲಿ ಪಾನನಿಷೇಧಕ್ಕೆ ಪ್ರಯತ್ನಿಸಬೇಕೆಂದು ರಾಜ್ಯಕ್ಕೆ ನಿರ್ದೇಶನ ಕೊಡುತ್ತದೆ. ಎರಡೂ ದೇಶಗಳ ಮೂಲಪಾಠಗಳನ್ನು ಓದಿಕೊಂಡು ಹೋದವರಿಗೆ ಆ ಹಳ್ಳಿಯ ಬೀದಿಯಲ್ಲಿ ನಡೆಯುವಾಗ ಸ್ವಲ್ಪ ಮುಜುಗರ, ಸ್ವಲ್ಪ ನಗು ಎರಡೂ ಸಹಜ.

ಬೀದಿಯ ಏರಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಯೆಹೂದಿ ಪ್ರಾರ್ಥನಾಮಂದಿರವಿದೆ, ಈಚೆಗೆ ಸೊಗಸಾಗಿ ದುರಸ್ತಿ ಮಾಡಿದ್ದಾರೆ. ಈ ಸೀಮೆಯ ವೈನನ್ನು ಪೋಲೆಂಡ್ ಮುಂತಾದ ಕಡೆಗೆ ಸಾಗಿಸಿ ಮಾರಿದವರಲ್ಲಿ ಬಹಳಷ್ಟು ಮಂದಿ ಯೆಹೂದಿ ವರ್ತಕರು. 1944ರಲ್ಲಿ ಅವರನ್ನು ಇಲ್ಲಿಂದ ಆಷ್‌ವಿಟ್ಸ್‌ಗೆ ಸಾಗಿಸಲಾಯಿತು. ಮಂದಿರ ಇದೆ, ನಿತ್ಯ ಪ್ರಾರ್ಥಿಸುವವರಿಲ್ಲ. ನಾವು ಒಳಗೆ ಹೋಗಿ ಗೋಡೆಯ ಬಣ್ಣಗಳನ್ನು ನೋಡಿ, ಹೆಚ್ಚು ಮಾತಾಡದೆ ಹೊರಬಂದೆವು.

ಕೂಟ ನಡೆದ ನೆಲಮಾಳಿಗೆಗೆ ಇಪ್ಪತ್ತೆಂಟು ಮೆಟ್ಟಿಲು, ಎಣಿಸಿದ್ದೇವೆ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆದುಕಲ್ಲನ್ನು ಕೊರೆದು ಮಾಡಿದ ಸುರಂಗ. ಮೇಲೆ ಬಿಸಿಲಿರಲಿ ಹಿಮವಿರಲಿ, ಒಳಗೆ ಒಂದೇ ಹದದ ತಂಪು. ಗೋಡೆಗಳ ಮೇಲೆ ಕರಿಯ ಕಂಬಳಿ ಹೊದಿಸಿದಂತೆ ಮೆತ್ತನೆಯ ಬೂಷ್ಟು ಬೆಳೆದಿತ್ತು. ನಮ್ಮ ಕಡೆ ಧಾನ್ಯದ ಹಗೇವಿನಲ್ಲಿ ಹೀಗೇನಾದರೂ ಕಂಡಿದ್ದರೆ ಮನೆಯ ಹಿರಿಯರು ಎರಡು ದಿನ ಊಟ ಬಿಡುತ್ತಿದ್ದರು. ಇಲ್ಲಿ ಅದನ್ನು ಯಾರೂ ಒರೆಸುವುದಿಲ್ಲ. ಪೀಪಾಯಿಗಳಿಂದ ಆರಿಹೋಗುವ ಮದ್ಯದ ಆವಿಯನ್ನೇ ಉಂಡು ಅದು ಬದುಕುತ್ತದೆ, ಅದು ಚೆನ್ನಾಗಿದ್ದರೆ ನೆಲಮಾಳಿಗೆ ಆರೋಗ್ಯವಾಗಿದೆಯೆಂದು ಅರ್ಥ, ಎಂದು ಯಜಮಾನಿತಿ ಗೋಡೆಯನ್ನು ಬೆಕ್ಕಿನ ಮೈ ಸವರುವಂತೆ ಸವರಿದರು. ಅರವತ್ತರ ಆಸುಪಾಸಿನ ಹೆಂಗಸು. ಮೊದಲು ಶಾಲೆಯಲ್ಲಿ ರಷ್ಯನ್ ಕಲಿಸುತ್ತಿದ್ದರಂತೆ. ಕಮ್ಯುನಿಸ್ಟ್ ಆಡಳಿತ ಮುಗಿದ ಮೇಲೆ ರಷ್ಯನ್ ಕಲಿಯುವ ಮಕ್ಕಳೇ ಇಲ್ಲವಾಗಿ, ತಾವೇ ಇಂಗ್ಲಿಷ್ ಕಲಿತು ಅದನ್ನು ಕಲಿಸತೊಡಗಿದರಂತೆ. ಜೊತೆಗೆ ಅಜ್ಜನ ತೋಟದ ಒಂದು ತುಂಡು ಕೈಗೆ ಬಂತು. ಅವರ ಇಂಗ್ಲಿಷಿನಲ್ಲಿ ವ್ಯಾಕರಣದ ಪುಸ್ತಕದ ಶಿಸ್ತಿತ್ತು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದಿದ ನಮಗೆ ಅದು ಕೇಳಲು ಹಿತವಾಗಿತ್ತು. ಆ ತರಗತಿಗಳಲ್ಲಿ ಕೀಟ್ಸ್‌ನ ನೈಟಿಂಗೇಲ್ ಪದ್ಯದಲ್ಲಿ ಬರುವ ದ್ರಾಕ್ಷಾರಸದ ಹಂಬಲಕ್ಕೆ ನಾವು ಪುಟಗಟ್ಟಲೆ ಟಿಪ್ಪಣಿ ಬರೆದಿದ್ದೆವು. ಮನೆಯ ಹಿತ್ತಲಿನಾಚೆ ಎಕರೆಗಟ್ಟಲೆ ದ್ರಾಕ್ಷಿಯಿದ್ದರೂ ಆ ರಸವನ್ನು ಮಾತ್ರ ಕಂಡಿರಲಿಲ್ಲ.

ಉದ್ದನೆಯ ಮರದ ಮೇಜಿನ ಮೇಲೆ ವೈನಿಗಿಂತ ಮೊದಲು ತಿಂಡಿ ಬಂತು. ಇದು ನಮಗೆ ಮೆಚ್ಚುಗೆಯಾಯಿತು. ದೆಹಲಿಯ ಹೋಟೆಲುಗಳಲ್ಲಿ ಇಂಥ ಕೂಟಗಳಿಗೆ ಹೋಗಿ ಬಂದ ಸಹೋದ್ಯೋಗಿಗಳು ವರ್ಣಿಸುವ ಹಾಗೆ, ಒಂದು ತಟ್ಟೆಯ ನಡುವೆ ಎರಡು ಆಲಿವ್ ಕಾಯಿಟ್ಟು ಮುಖ ಗಂಭೀರ ಮಾಡಿಕೊಳ್ಳುವ ರೀತಿ ಇಲ್ಲಿರಲಿಲ್ಲ. ಬುಟ್ಟಿ ತುಂಬ ಪೊಗಾಚಾ. ಅಂಗೈಯ ನಡುವೆ ಕೂರುವಷ್ಟು ಅಗಲ, ಎರಡು ಬೆರಳು ದಪ್ಪ, ಮೇಲೆ ಚಾಕುವಿನಿಂದ ಗೆರೆ ಕೊಯ್ದ ಖಾರದ ಬನ್ನು; ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಖಾರಾ ಬಿಸ್ಕತ್ತಿಗೂ ಬನ್ನಿಗೂ ಮದುವೆಯಾಗಿ ಹುಟ್ಟಿದ ಮಗುವೆನ್ನಬಹುದು. ಒಂದು ಬುಟ್ಟಿಯಲ್ಲಿ ಹಂದಿಯ ಕೊಬ್ಬು ಕರಿದ ಚೂರು ಸೇರಿಸಿದ್ದು, ಇನ್ನೊಂದರಲ್ಲಿ ಆಲೂಗಡ್ಡೆಯದು, ಮೂರನೆಯದರಲ್ಲಿ ಚೀಸಿನದು. ನಾವು ಸಸ್ಯಾಹಾರಿಗಳೆಂದು ತಿಳಿದಿದ್ದ ಯಜಮಾನಿತಿ ಎರಡನೆಯ ಮೂರನೆಯ ಬುಟ್ಟಿಗಳನ್ನು ನಮ್ಮ ಮಗ್ಗುಲಿಗೇ ತಂದಿಟ್ಟು, ಮೊದಲನೆಯದನ್ನು ಮೇಜಿನ ತುದಿಗೆ ಸಾಗಿಸಿದರು. ಹಂಗೇರಿಯ ಜಾನಪದ ಕಥೆಗಳಲ್ಲಿ ಕಿರಿಯ ಮಗ ಅದೃಷ್ಟ ಹುಡುಕಿ ಮನೆ ಬಿಟ್ಟು ಹೊರಡುವಾಗ ತಾಯಿ ಅವನ ಜೋಳಿಗೆಗೆ ಬೂದಿಯಲ್ಲಿ ಸುಟ್ಟ ಪೊಗಾಚಾ ಹಾಕಿ ಕಳಿಸುತ್ತಾಳಂತೆ. ಬುತ್ತಿ ಎಂಬ ಒಂದೇ ಮಾತಿನಿಂದ ನಾವು ಇದನ್ನು ಅರ್ಥಮಾಡಿಕೊಂಡೆವು.

ಪೊಗಾಚಾದ ಪಕ್ಕದಲ್ಲಿ ಕೊರೊಜೊತ್ ಎಂಬ ಹಚ್ಚಿಕೊಳ್ಳುವ ಪದಾರ್ಥ: ಗಿಣ್ಣಿನಂಥ ಹಸಿ ಚೀಸಿಗೆ ಕೆಂಪು ಪಪ್ರಿಕಾ ಪುಡಿ, ಈರುಳ್ಳಿ, ಶಾಜೀರಿಗೆ ಕಲಸಿದ್ದು. ರೊಟ್ಟಿಯ ಮೇಲೆ ಕೆನೆಮೊಸರು, ಅದರ ಮೇಲೆ ಶೇಂಗಾ ಹಿಂಡಿ ಉದುರಿಸಿ ತಿಂದು ಬೆಳೆದ ನಾಲಿಗೆಗೆ ಅದು ದೂರದ ನೆಂಟಸ್ತಿಕೆಯನ್ನು ತೋರಿಸಿತು. ಉಪ್ಪಿನಲ್ಲಿ ಹುದುಗಿಸಿದ ಸೌತೆಕಾಯಿ, ಅದೇ ವರ್ಷದ ಅಕ್ರೋಟು, ಹೊಗೆ ಹಾಕಿದ ಮಾಂಸದ ಹಾಳೆಗಳು. ಊಟದಷ್ಟೇ ತಿಂಡಿ. ವೈನಿನ ರುಚಿ ತಿಳಿಯಬೇಕಾದರೆ ಮೊದಲು ಹೊಟ್ಟೆ ಸಮಾಧಾನವಾಗಿರಬೇಕೆಂಬುದು ಯಜಮಾನಿತಿಯ ಸಿದ್ಧಾಂತ. ನಾವು ಅದಕ್ಕೆ ಪೂರ್ಣ ಸಮ್ಮತಿಯನ್ನಿತ್ತೆವು.

ಮೊದಲ ಎರಡು ವೈನುಗಳು ಸಿಹಿಯಿಲ್ಲದ ಬಿಳಿಯವು. ಒಂದು ಫುರ್ಮಿಂಟ್ ಎಂಬ ತಳಿಯದು. ನಾಲಿಗೆಯ ಎರಡೂ ಅಂಚಿನಲ್ಲಿ ನಿಂಬೆಯ ಹುಳಿ ಎಳೆದು ಹೋಗುತ್ತದೆ. ಇನ್ನೊಂದು ಹಾರ್ಶ್‌ಲೆವೆಲೂ. ಹಾರ್ಶ್ ಎಂದರೆ ಲಿಂಡನ್ ಮರ, ಲೆವೆಲ್ ಎಂದರೆ ಎಲೆ. ಲಿಂಡನ್ ಎಲೆಯ ದ್ರಾಕ್ಷಿ ಎಂದು ಹೆಸರಿನ ಅರ್ಥ. ಇಷ್ಟು ಹೇಳಿದ್ದೇ ತಡ, ನಮ್ಮ ಬಂಗಾಳಿ ಮಿತ್ರರು 1926ರಲ್ಲಿ ಹಂಗೇರಿಯ ಬಾಲತೊನ್‌ಫ್ಯೂರೆದ್ ಎಂಬಲ್ಲಿ ಚಿಕಿತ್ಸೆ ಪಡೆದ ರವೀಂದ್ರನಾಥ ಠಾಕೂರರು ಸರೋವರದ ದಂಡೆಯಲ್ಲಿ ನೆಟ್ಟದ್ದು ಲಿಂಡನ್ ಸಸಿಯನ್ನೇ ಎಂದು ಘೋಷಿಸಿದರು. ಬಂಗಾಳಿಗಳು ಪ್ರಪಂಚದ ಯಾವ ಮೂಲೆಯಲ್ಲಿ ಕುಳಿತರೂ ಹತ್ತು ನಿಮಿಷದೊಳಗೆ ಗುರುದೇವರಿಗೆ ದಾರಿ ಮಾಡಿಕೊಳ್ಳುತ್ತಾರೆ. ಸಂಗತಿ ನಿಜವಾದ್ದರಿಂದ ಮೇಜಿನವರೆಲ್ಲ ತಲೆದೂಗಿದರು.

ಲೋಟ ಎತ್ತುವಾಗ ಹೇಳಬೇಕಾದ ಮಾತನ್ನು ನಮಗೆ ಕಲಿಸುವುದೇ ಆಮೇಲಿನ ಅರ್ಧ ಗಂಟೆಯ ವಿನೋದವಾಯಿತು. ಎಗೇಶ್ಶೇಗ್ ಎಂದರೆ ಆರೋಗ್ಯ. ನಿನ್ನ ಆರೋಗ್ಯಕ್ಕೆ ಎನ್ನಲು ಒಂದು ರೂಪ, ತಮ್ಮ ಆರೋಗ್ಯಕ್ಕೆ ಎನ್ನಲು ಇನ್ನೊಂದು, ಬಹುವಚನಕ್ಕೆ ಮತ್ತೆರಡು. ಹೊಸಬರು ಈ ಮರ್ಯಾದೆಯ ಗೋಜಿಗೆ ಸಿಕ್ಕಿ ಬೀಳದಿರಲು ಸುಲಭದ ಉಪಾಯವೂ ಇದೆ: ಎಗೇಶ್ಶೇಗುಂಕ್ರೆ, ನಮ್ಮ ಆರೋಗ್ಯಕ್ಕೆ. ಆ ಮಾತಿನ ಕೊನೆಯ ‘ರೆ’ ನಮ್ಮ ‘ಕ್ಕೆ’ಯ ಕೆಲಸವನ್ನೇ ಮಾಡುತ್ತದೆಂದು ನಾವು ಹೇಳಿದಾಗ ಯಜಮಾನಿತಿಯೊಳಗಿನ ಉಪಾಧ್ಯಾಯಿನಿ ಎದ್ದು ಕುಳಿತರು. ‘ಮನೆಗಳಲ್ಲಿ’ ಎನ್ನುವುದನ್ನು ಬಿಡಿಸಿ ತೋರಿಸಿದೆವು: ಮನೆ, ಗಳ, ಅಲ್ಲಿ. ಅವರು ‘ಹಾಜಾಕ್‌ಬನ್’ ಎಂಬುದನ್ನು ಕಾಗದದ ಮೇಲೆ ಬರೆದು ತಮ್ಮ ಮಾತನ್ನು ಬಿಡಿಸಿದರು: ಮೊದಲು ಮನೆ, ಆಮೇಲೆ ಬಹುವಚನ, ಆಮೇಲೆ ‘ಅಲ್ಲಿ’. ಅದೇ ಕ್ರಮ. ಎರಡು ಭಾಷೆಗಳಿಗೂ ರಕ್ತಸಂಬಂಧವಿಲ್ಲವೆಂದು ಇಬ್ಬರಿಗೂ ತಿಳಿದಿತ್ತು. ಆದರೂ ಇಂಗ್ಲಿಷಿನ ‘ಇನ್’ ಎಂಬುದು ಮನೆಯ ಮುಂದೆ ಕಾವಲುಗಾರನಂತೆ ನಿಲ್ಲುವುದನ್ನು ನೋಡಿ ಇಬ್ಬರೂ ಒಟ್ಟಿಗೆ ನಕ್ಕೆವು.

ಕಾವಲುಗಾರನೆಂದಾಗ ನೆನಪಾಯಿತು. ಮೇಜಿನಾಚೆ ಕುಳಿತಿದ್ದ ನಿವೃತ್ತ ಎಂಜಿನಿಯರರು ವೈನಿಗೆ ಸೋಡಾ ಬೆರೆಸುವ ತಮ್ಮವರ ಬೇಸಿಗೆಯ ಪದ್ಧತಿಯನ್ನು ವಿವರಿಸಿದರು. ಪ್ರಮಾಣಕ್ಕೊಂದು ಹೆಸರಂತೆ. ಮೂರು ಪಾಲು ವೈನ್, ಎರಡು ಪಾಲು ಸೋಡಾ ಆದರೆ ಅದು ‘ವಠಾರದ ಮೇಲ್ವಿಚಾರಕ’. ಎರಡು ಪಾಲು ವೈನ್, ಮೂರು ಪಾಲು ಸೋಡಾ ಆದರೆ ‘ಉಪಮೇಲ್ವಿಚಾರಕ’. ಉಪ ಎಂಬ ಪದವಿಗೆ ನೀರು ಹೆಚ್ಚು ಬೀಳುವುದು ನಮ್ಮ ಇಲಾಖೆಗೂ ಹೊಸದಲ್ಲವೆಂದು ಹೇಳಿ ನಾವು ಸ್ವಲ್ಪ ಜನಪ್ರಿಯತೆ ಗಳಿಸಿದೆವು.

ಹನ್ನೆರಡು ಮಂದಿಯಲ್ಲಿ ಒಬ್ಬರು ಮಾತ್ರ ಅಷ್ಟಾಗಿ ನಗದವರು. ಎಪ್ಪತ್ತು ದಾಟಿದ ಹಿರಿಯರು, ಗಡಿಯಾಚೆಯ ಸ್ಲೋವಾಕಿಯಾದಿಂದ ಬಂದಿದ್ದ ಹಂಗೇರಿಯನ್ನರು. ಮೊದಲ ಮಹಾಯುದ್ಧದ ನಂತರ 1920ರ ಟ್ರಿಯಾನಾನ್ ಒಪ್ಪಂದದಲ್ಲಿ ಹಂಗೇರಿ ತನ್ನ ನೆಲದ ಮೂರರಲ್ಲಿ ಎರಡು ಪಾಲನ್ನು ಕಳೆದುಕೊಂಡಿತು. ಟೋಕಾಯ್ ವೈನ್ ಸೀಮೆಯೂ ಆಗ ಒಡೆಯಿತು. ಕೆಲವು ಹಳ್ಳಿಗಳು ಗಡಿಯಾಚೆಗೆ ಹೋದವು. ಈ ಹಿರಿಯರ ಅಜ್ಜಿ ಹುಟ್ಟಿದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, ಮದುವೆಯಾದದ್ದು ಚೆಕೊಸ್ಲೊವಾಕಿಯಾದಲ್ಲಿ, ಮಕ್ಕಳನ್ನು ಸಾಕಿದ್ದು 1938ರ ನಂತರ ಮತ್ತೆ ಹಂಗೇರಿಯಲ್ಲಿ, ತೀರಿಕೊಂಡದ್ದು ಪುನಃ ಚೆಕೊಸ್ಲೊವಾಕಿಯಾದಲ್ಲಿ. ಆ ಮಹಾತಾಯಿ ತಮ್ಮ ಬೀದಿಯನ್ನು ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ‘ನೀವು ದೆಹಲಿಯವರೋ?’ ಎಂದು ಅವರು ಕೇಳಿದರು. ಅಲ್ಲ, ದೆಹಲಿಯಲ್ಲಿರುವವರು, ಎಂದೆವು. ಮೊದಲ ಸಲ ಅವರ ಮುಖ ಸಡಿಲವಾಯಿತು. ನಮ್ಮ ಅಜ್ಜನೂ ವಿಜಯಪುರದ ಹಳ್ಳಿ ಬಿಡದೆಯೇ ಮುಂಬಯಿ ಪ್ರಾಂತದಲ್ಲಿ ಹುಟ್ಟಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದು, 1973ರಲ್ಲಿ ಕರ್ನಾಟಕದವನಾದನೆಂದು ನಾವು ಹೇಳಿದೆವು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದು ನಮಗೆ ಗೊತ್ತು. ನಮ್ಮದು ಬಯಸಿ ಪಡೆದ ಏಕೀಕರಣ, ಅವರದು ಬಯಸದೆ ಬಂದ ಹೋಳು. ಆದರೂ ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳಲ್ಲಿ ನಮಗೂ ಬೀಗರಿದ್ದಾರೆ. ಗಡಿಯ ಮಾತು ಬಂದಾಗ ಮೇಜಿನಲ್ಲಿ ಯಾರು ಮೊದಲು ಸುಮ್ಮನಾಗುತ್ತಾರೆಂಬುದು ನಮಗೆ ಹೊಸದಲ್ಲ. ಹಿರಿಯರು ನಮ್ಮ ಲೋಟಕ್ಕೆ ತಾವೇ ಬಗ್ಗಿಸಿದರು. ಕುಡಿಯದವರ ಲೋಟಕ್ಕೆ ದ್ರಾಕ್ಷಿಯ ಹಸಿ ರಸ ತರಿಸಿದರು.

ಆಮೇಲೆ ಸಿಹಿ ವೈನುಗಳ ಸರದಿ. ಅದಕ್ಕೆ ಮುನ್ನ ಯಜಮಾನಿತಿ ಒಂದು ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸಿದರು. ಅದರಲ್ಲಿ ಅಂದೇ ಕೊಯ್ದು ತಂದ ದ್ರಾಕ್ಷಿಯ ಗೊಂಚಲಿತ್ತು. ಅರ್ಧದಷ್ಟು ಕಾಳುಗಳು ಹೊನ್ನಿನ ಬಣ್ಣದವು. ಉಳಿದವು ಕಂದು, ನೇರಳೆ, ಸುಕ್ಕುಬಿದ್ದು ಮುದುಡಿ, ಮೈಮೇಲೆ ಬೂದಿ ಬಳಿದುಕೊಂಡಂಥವು. ತಟ್ಟೆ ನಮ್ಮ ಕೈಗೆ ಬಂದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದು ನಾವು ಕಂಡದ್ದೇ.

ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ನಮ್ಮ ತೋಟದ ಮೇಲೆ ಮೂರು ದಿನ ಅಕಾಲದ ಮಳೆ ಸುರಿಯಿತು. ಅಕ್ಟೋಬರ್ ಚಾಟ್ನಿ ಮಾಡಿದಂದಿನಿಂದ ಐದು ತಿಂಗಳು ಔಷಧಿ ಹೊಡೆದು, ಗೊಬ್ಬರ ಕೊಟ್ಟು, ಟ್ಯಾಂಕರ್ ನೀರು ಹಾಕಿಸಿ ಕಾಪಾಡಿದ ಹಣ್ಣು, ಇನ್ನು ವಾರದಲ್ಲಿ ಕಟಾವಾಗಬೇಕಾಗಿದ್ದುದು, ಗೊಂಚಲಿನಲ್ಲೇ ಬಿರಿದು ಕೊಳೆಯಿತು. ಶೆಡ್ಡಿನಲ್ಲಿ ಬಲೆಯ ಮೇಲೆ ಒಣಗುತ್ತಿದ್ದ ಹಣ್ಣೂ ಕಪ್ಪಿಟ್ಟಿತು. ನಾವು ದೆಹಲಿಯಿಂದ ರಜೆ ಹಾಕಿ ಹೋದಾಗ ಅಪ್ಪ ತೋಟದ ಬದುವಿನಲ್ಲಿ ನಿಂತು ಆಳುಗಳಿಂದ ಗೊಂಚಲು ಕತ್ತರಿಸಿ ಗುಂಡಿಗೆ ಹಾಕಿಸುತ್ತಿದ್ದರು. ಕೊಳೆತದ್ದು ಬಳ್ಳಿಯಲ್ಲಿದ್ದರೆ ಮುಂದಿನ ವರ್ಷಕ್ಕೂ ರೋಗ. ಕೊಯ್ಯಲೂ ಕೂಲಿ, ಹೂಳಲೂ ಕೂಲಿ. ಸಹಕಾರಿ ಸಂಘದ ಸಾಲ ತೀರಿಸಲು ಆಮೇಲೆ ಮೂರು ಹಂಗಾಮು ಬೇಕಾದವು. ಆ ಮೂರರಲ್ಲಿ ಎರಡನ್ನಷ್ಟೇ ಅಪ್ಪ ನೋಡಿದರು.

ಯಜಮಾನಿತಿ ಅದೇ ಬಗೆಯ ಕಾಳೊಂದನ್ನು ಬಿಡಿಸಿ, ಆಭರಣ ತೋರಿಸುವಂತೆ ಬೆರಳ ತುದಿಯಲ್ಲಿ ಹಿಡಿದು ತೋರಿಸುತ್ತಿದ್ದರು. ಇದರ ಹೆಸರು ಅಸೂ. ಬೊದ್ರೋಗ್ ಮತ್ತು ತಿಸಾ ನದಿಗಳು ಕೂಡುವ ಈ ಸೀಮೆಯಲ್ಲಿ ಶರತ್ಕಾಲದ ಬೆಳಗುಗಳಲ್ಲಿ ಮಂಜು ಏಳುತ್ತದೆ. ಆ ತೇವದಲ್ಲಿ ಬೊಟ್ರೈಟಿಸ್ ಸಿನೆರಿಯಾ ಎಂಬ ಶಿಲೀಂಧ್ರ ಹಣ್ಣಿನ ಸಿಪ್ಪೆಯನ್ನು ತೂರಿ ಒಳಹೊಗುತ್ತದೆ. ಮಧ್ಯಾಹ್ನದ ಬಿಸಿಲು ಗಾಳಿಗಳಿಗೆ ಆ ತೂತುಗಳಿಂದ ನೀರು ಆರಿ, ಸಕ್ಕರೆಯೂ ಹುಳಿಯೂ ಒಳಗೆ ಸಾಂದ್ರವಾಗುತ್ತವೆ. ಹೀಗೆ ಮುದುಡಿದ ಕಾಳುಗಳನ್ನು ಗೊಂಚಲಿನಿಂದ ಒಂದೊಂದಾಗಿ ಕೈಯಲ್ಲೇ ಆರಿಸಬೇಕು, ಯಂತ್ರ ನಡೆಯದು. ಆರಿಸಿದ್ದನ್ನು ಬೆನ್ನಿನ ಮೇಲೆ ಹೊರುವ ಪುತ್ತೊನ್ ಎಂಬ ತೊಟ್ಟಿಗೆ ತುಂಬುತ್ತಿದ್ದರು, ಒಂದಕ್ಕೆ ಸುಮಾರು 25 ಕಿಲೋ. ಗೊಂತ್ಸ್ ಎಂಬ ಊರಿನ ಅಳತೆಯ 136 ಲೀಟರಿನ ಪೀಪಾಯಿಗೆ ಎಷ್ಟು ಪುತ್ತೊನ್ ಸೇರಿಸಿ ನೆನೆಹಾಕಿದರೆಂಬುದರ ಮೇಲೆ ವೈನಿನ ದರ್ಜೆ. ಈಗ ತೊಟ್ಟಿಯ ಲೆಕ್ಕ ಹೋಗಿ ಪ್ರಯೋಗಶಾಲೆಯ ಲೆಕ್ಕ ಬಂದಿದೆ: ಲೀಟರಿಗೆ ಕನಿಷ್ಠ 120 ಗ್ರಾಮ್ ಸಕ್ಕರೆ ಉಳಿದಿದ್ದರೆ ಮಾತ್ರ ಅಸೂ ಎಂಬ ಹೆಸರು.

ಅಸೂ ವೈನಿನ ಬಣ್ಣ ಹಳೆಯ ತಾಮ್ರದ ತಂಬಿಗೆಯೊಳಗಿನ ಬೆಳಕಿನಂತಿತ್ತು. ರುಚಿ ಸಿಹಿಯೆಂದರೆ ಸಾಲದು. ಸಿಹಿಯ ಬೆನ್ನಿಗೇ ಹುಳಿ ಬಂದು ನಾಲಿಗೆಯನ್ನು ತೊಳೆದುಬಿಡುವುದರಿಂದ ಪಾಯಸದಂತೆ ಮೊಗಚುವುದಿಲ್ಲ. ಕುಡಿಯದವರು ಬಹಳ ಹೊತ್ತು ಮೂಸುತ್ತಲೇ ಇದ್ದು, ಕನ್ನಡದಲ್ಲಿ, ಮೆಲ್ಲಗೆ, ‘ಇದು ನಮ್ಮ ಶೆಡ್ಡಿನ ವಾಸನಿ’ ಎಂದರು. ಹೌದು. ಏಪ್ರಿಲ್ ತಿಂಗಳ ರಾತ್ರಿ, ನೆರಳುಬಲೆಯ ಕೆಳಗೆ ಹತ್ತು ಸಾಲು ದ್ರಾಕ್ಷಿ ಒಣಗುತ್ತಿರುವಾಗ ಒಳಗೆ ಕಾಲಿಟ್ಟರೆ ಮೂಗಿಗೆ ಬರುವ ವಾಸನೆ.

ಆಗ ಚೀಲದಿಂದ ಮಣೂಕ ಹೊರಗೆ ಬಂತು. ಯಜಮಾನಿತಿ ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. ಯಾವ ತಳಿ ಎಂದರು. ಥಾಮ್ಸನ್ ಬೀಜರಹಿತ ಎಂದೆವು. ಬಿಸಿಲಿನಲ್ಲೋ ಎಂದರು, ಅಲ್ಲ, ನೆರಳಿನಲ್ಲಿ, ಹದಿನೈದು ದಿನ, ಎಂದೆವು. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ಅವರು ಒಂದು ಹಿಡಿಯನ್ನು ಅಕ್ರೋಟಿನ ತಟ್ಟೆಗೆ ಸುರಿದು ಮೇಜಿನ ನಡುವೆ ಇಟ್ಟರು. ಅರ್ಧ ಗಂಟೆಯಲ್ಲಿ ಖಾಲಿ. ಮಾರ್ಚಿನ ಮಳೆಯ ಕಥೆಯನ್ನು ನಾವು ಹೇಳಬೇಕೆಂದುಕೊಂಡಿರಲಿಲ್ಲ, ಆದರೆ ಕೇಳಿದಾಗ ಹೇಳಿದೆವು: ನಿಮ್ಮಲ್ಲಿ ಕೊಳೆತದ್ದಕ್ಕೆ ಇಷ್ಟು ಮರ್ಯಾದೆ, ನಮ್ಮಲ್ಲಿ ಗುಂಡಿ.

ಅವರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇಲ್ಲಿಯೂ ಶಿಲೀಂಧ್ರ ಅದೇ, ಎಂದರು. ಬೆಳಿಗ್ಗೆ ಮಂಜು ಬಂದು ಮಧ್ಯಾಹ್ನ ಬಿಸಿಲು ಬಿದ್ದರೆ ಅದು ಅಸೂ ಮಾಡುತ್ತದೆ. ಮಂಜಿನ ಮೇಲೆ ಮಳೆ, ಮಳೆಯ ಮೇಲೆ ಮಳೆ ಬಂದರೆ ಅದೇ ಶಿಲೀಂಧ್ರ ಬೂದುಗೊಳೆಯಾಗಿ ಇಡೀ ಇಳುಕಲನ್ನು ತಿಂದುಹಾಕುತ್ತದೆ. ಅಂಥ ವರ್ಷಗಳಲ್ಲಿ ಅಸೂ ಇಲ್ಲವೇ ಇಲ್ಲ. ಅವರ ಗಂಡ ಅಂಥದೊಂದು ವರ್ಷ ಕತ್ತರಿಯನ್ನು ಬಳ್ಳಿಯ ಕಂಬಕ್ಕೆ ನೇತುಹಾಕಿ ಮನೆಗೆ ಬಂದವರು ವಸಂತದವರೆಗೆ ತೋಟಕ್ಕೆ ಕಾಲಿಡಲಿಲ್ಲವಂತೆ. ಕತ್ತರಿ ಅಲ್ಲೇ ತುಕ್ಕು ಹಿಡಿಯಿತಂತೆ. ಗಡಿಯಾಚೆಯ ಹಿರಿಯರು ತಮ್ಮ ಭಾಷೆಯಲ್ಲಿ ಏನೋ ಸೇರಿಸಿದರು; ಯಾರೂ ಅದನ್ನು ಅನುವಾದಿಸಲಿಲ್ಲ.

ಕೊನೆಯಲ್ಲಿ ಎಸೆನ್ಸಿಯಾ, ಗಾಜಿನ ಚಮಚದಲ್ಲಿ, ತಲಾ ಒಂದೇ ಚಮಚ. ರಾಶಿ ಹಾಕಿದ ಅಸೂ ಕಾಳುಗಳು ತಮ್ಮ ಭಾರಕ್ಕೆ ತಾವೇ ಒಸರುವ ರಸವದು. ಸಕ್ಕರೆ ಎಷ್ಟು ದಟ್ಟವೆಂದರೆ ಹುದುಗು ವರ್ಷಗಟ್ಟಲೆ ತೆವಳುತ್ತದೆ, ಮದ್ಯದ ಅಂಶ ತೀರ ಕಡಿಮೆ. ಇಪ್ಪತ್ತೆರಡನೆಯ ನಿಯಮ ಈ ಚಮಚದ ಬಗ್ಗೆ ಏನು ಹೇಳುತ್ತದೆಂದು ಯೋಚಿಸುವಷ್ಟರಲ್ಲಿ ಚಮಚ ಬರಿದಾಗಿತ್ತು. ಎಲ್ಲರೂ ಎದ್ದು ನಿಂತು ಎಗೇಶ್ಶೇಗುಂಕ್ರೆ ಎಂದೆವು. ಹಸಿ ರಸದ ಲೋಟವೂ ಜೊತೆಗೆ ಎದ್ದಿತ್ತು. ಹೊರಡುವಾಗ ಪೊಗಾಚಾಗಳನ್ನು ಕಾಗದದಲ್ಲಿ ಕಟ್ಟಿ ಕೈಗಿಟ್ಟರು.

ದೆಹಲಿಗೆ ಮರಳಿದ ಮೇಲಿನ ಭಾನುವಾರ ಅಣ್ಣನಿಗೆ ಫೋನು ಮಾಡಿ ಎಲ್ಲವನ್ನೂ ವರದಿ ಮಾಡಿದೆವು. ನೆಲಮಾಳಿಗೆಯ ಬೂಷ್ಟು, 1737ರ ರಾಜಾಜ್ಞೆ, ರಾಷ್ಟ್ರಗೀತೆ ಯಾವುದೂ ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಕಾಳು ಕಾಳು ಆರಿಸುತ್ತಾರೆಂಬಲ್ಲಿಗೆ ಬಂದಾಗ ತಡೆದ.

‘ಒಂದು ಆಳು ದಿನಕ್ಕ ಎಷ್ಟು ಆರಸ್ತದ?’

ಕೆಲವೇ ಕಿಲೋ, ಎಂದೆವು. ಆರಿಸುವವರು ಸಿಗುವುದೇ ಕಷ್ಟವಂತೆ. ಹಳ್ಳಿಯ ಹುಡುಗರೆಲ್ಲ ಆಸ್ಟ್ರಿಯಾ, ಜರ್ಮನಿ ಎಂದು ಹೊರಟುಹೋಗಿದ್ದಾರೆ, ಯಜಮಾನಿತಿಯ ಮಗನೂ ವಿಯೆನ್ನಾದಲ್ಲಿ ಸರ್ಕಾರಿ ಕಚೇರಿಯಲ್ಲಿದ್ದಾನೆ.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಔಷಧಿ ಹೊಡೆಯುವ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು.

‘ಅಂದ್ರ ಅಲ್ಲೀನೂ ಹಂಗ ಅನ್ರಿ ಇಬ್ರೂ,’ ಎಂದ. ‘ಚಾಟ್ನಿ ಮುಗದದ, ಮೋಡ ಆಗೇದ. ಇಡ್ತೀನಿ.’